ಸುತಳಿಯ ಆರನೆಯ ಮನೆ

ಬಿಳಿಚೋಡಿನ ಚಮನಬಿಯದು ಹರಿದ ಗೋಣಿಚೀಲ ಹೊಲಿಯುವ ಕಸುಬು. ಮಗ ಫಯಾಜ್ ಹೊನ್ನಾಳಿಯ ಅಕ್ಕಿ ಗಿರಣಿ, ಚನ್ನಗಿರಿಯ ಅಡಿಕೆ ಮಂಡಿ, ನ್ಯಾಮತಿಯ ಕಿರಾಣಿ ಅಂಗಡಿಗಳನ್ನು ಸುತ್ತಿ ಹರಕು ಚೀಲಗಳನ್ನು ಲಗೇಜ್ ಆಟೋದಲ್ಲಿ ತಂದು ಮನೆಯ ಮುಂದೆ ಕೆಡವುತ್ತಾನೆ. ಅತ್ತೆ, ಸೊಸೆ ಇಬ್ಬರೂ ಅವನ್ನು ಕೊಡವಿ, ಬಿಸಿಲಿಗೆ ಹರವಿ, ತೂತಿದ್ದ ಕಡೆ ತೇಪೆ ಹಚ್ಚಿ, ಬಿಟ್ಟುಹೋದ ಅಂಚಿಗೆ ದಬ್ಬಣದಿಂದ ಸುತಳಿ ಎಳೆದು ಹೊಲಿದು, ಮಡಿಸಿ, ಸೂರು ಮುಟ್ಟುವಂತೆ ಒಟ್ಟುತ್ತಾರೆ. ಮೆಕ್ಕೆಜೋಳದ ಸುಗ್ಗಿಗೆ ವ್ಯಾಪಾರಿಗಳು ಬಂದು ಒಯ್ಯುತ್ತಾರೆ.

ಕಸುಬು ಗಂಡ ಬಡೇಸಾಬನದು. ಅವನು ತೀರಿಕೊಂಡ ಮೇಲೆ ಚಮನಬಿ ಯಾರನ್ನೂ ಕೇಳದೆ ಅವನ ಜಾಗದಲ್ಲಿ ಕೂತಳು. ಈಗ ಅವಳಿಗೆ ಅರವತ್ತರ ಹತ್ತಿರ. ಬೆರಳ ತುದಿಗಳು ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿವೆ. ಅವಳು ನಕ್ಕದ್ದನ್ನು ನೋಡಿದವರು ಓಣಿಯಲ್ಲಿ ಕಡಿಮೆ. ಅವಳ ಹೊಲಿಗೆ ಬಿಟ್ಟದ್ದನ್ನು ನೋಡಿದವರು ಇನ್ನೂ ಕಡಿಮೆ.

ಚೀಲದ ಮನೆಗೆ ಇಲಿ ತಪ್ಪಿದ್ದಲ್ಲ. ಮೂಲೆಯಲ್ಲಿ ಸಿಕ್ಕಿಕೊಂಡ ನಾಲ್ಕು ಕಾಳಿನ ವಾಸನೆ ಹಿಡಿದು ಬರುತ್ತದೆ. ಒಟ್ಟಿದ ಅಟ್ಟಿಯ ನಡುವೆ ಒಂದು ದಾರಿ ಕೊರೆದರೆ ಮೇಲಿನ ಚೀಲದಿಂದ ಕೆಳಗಿನ ಚೀಲದವರೆಗೆ ಎಲ್ಲಕ್ಕೂ ಒಂದೇ ಜಾಗದಲ್ಲಿ ತೂತು. ವಾರದ ಕೆಲಸ ಮತ್ತೆ ಮೊದಲಿನಿಂದ. ಕಾಳು ತುಂಬುವ ಚೀಲವಾದ್ದರಿಂದ ಪಾಷಾಣ ಇಡುವಂತಿಲ್ಲ. ಹಾಗಾಗಿ ಆ ಮನೆಯಲ್ಲಿ ಬೆಕ್ಕೆಂದರೆ ಕೆಲಸದ ಆಳು. ಬೇಡವೆಂದರೂ ಮುದ್ದು ಬೆಳೆಯುತ್ತದೆ, ಅದು ಬೇರೆ ಮಾತು. ಈಗಿರುವ ಬೆಕ್ಕಿಗೆ ಸುತಳಿ ಎಂದು ಹೆಸರಿಟ್ಟವಳು ಅರ್ಷಿಯಾ. ಸೊಸೆಯಾಗಿ ಬಂದ ವರ್ಷ, ಸುತಳಿಯ ಉಂಡೆಗಳ ನಡುವೆ ಅದೇ ಬಣ್ಣದ ಮರಿ ಮಲಗಿದ್ದು ಕಾಣದೆ ಉಂಡೆಯೆಂದೇ ಕೈಗೆತ್ತಿಕೊಂಡಿದ್ದಳು.

ಸುತಳಿ ಕೆಲಸದಲ್ಲಿ ಚುರುಕು. ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಇಟ್ಟ ತಂಬಿಗೆಯ ನೀರಿಗೆ ಬಾಯಿ ಹಾಕಿದರೂ, ಬೆಕ್ಕಿನ ಎಂಜಲು ಮೈಲಿಗೆಯಲ್ಲವೆಂದು ಚಮನಬಿ ಆ ನೀರನ್ನು ಚೆಲ್ಲುತ್ತಿರಲಿಲ್ಲ. ಎದುರು ಮನೆಯ ಚೌಡಕ್ಕ ಮಾತ್ರ ಅದನ್ನು ಕಂಡಾಗಲೆಲ್ಲ ಮುಖ ಸಿಂಡರಿಸುತ್ತಿದ್ದಳು. ಬೆಕ್ಕಿನದು ಒಂದೇ ದುರ್ಗುಣ, ತಿರುಗಾಟ. ಬೆಳಿಗ್ಗೆ ಮಸೀದಿಯ ಗೋಡೆ, ಮಧ್ಯಾಹ್ನ ಹಿಟ್ಟಿನ ಗಿರಣಿ, ಸಂಜೆ ಚೌಡಕ್ಕನ ಕುರಿ ದೊಡ್ಡಿ. ಉಣ್ಣುವ ಹೊತ್ತಿಗೆ ಬರುತ್ತಿತ್ತು, ರಾತ್ರಿ ಇಲಿ ಹಿಡಿಯುತ್ತಿತ್ತು. ಅಷ್ಟು ಸಾಕೆಂದು ಚಮನಬಿ ಸುಮ್ಮನಿದ್ದಳು.

ಈ ಬೇಸಿಗೆಯಲ್ಲಿ ಅದು ಮರಿ ಹಾಕಿದ ಮೇಲೆ ತಿರುಗಾಟಕ್ಕೆ ಇನ್ನೊಂದು ಕಾರಣ ಸಿಕ್ಕಿತು. ಹುಟ್ಟಿದ ಜಾಗದಲ್ಲಿ ಬೆಕ್ಕು ಮರಿಗಳನ್ನು ಇಡುವುದಿಲ್ಲ. ಏಳು ಮನೆ ತೋರಿಸಿ ಆಮೇಲೆ ತಾನಾಗಿ ಮನೆಗೆ ತರುತ್ತದೆ, ಅಲ್ಲಿಯವರೆಗೆ ಮನುಷ್ಯರು ಮುಟ್ಟಬಾರದು, ಮುಟ್ಟಿದರೆ ತಾಯಿಯೇ ಮರಿಗಳನ್ನು ತಿಂದುಬಿಡುತ್ತದೆ. ಇದು ಚೌಡಕ್ಕನ ಮನೆಯಲ್ಲೂ ನಡೆದುಬಂದ ಮಾತು, ಚಮನಬಿಯ ತವರು ಹೊನ್ನಾಳಿಯಲ್ಲೂ ನಡೆದುಬಂದ ಮಾತು. ನೀರಿನ ತಂಬಿಗೆಯ ವಿಷಯದಲ್ಲಿ ಒಪ್ಪದ ಇಬ್ಬರು ಹೆಂಗಸರು ಈ ಒಂದು ವಿಷಯದಲ್ಲಿ ಒಪ್ಪಿದ್ದರು.

ಸುತಳಿ ಮರಿಗಳನ್ನು ಕಚ್ಚಿಕೊಂಡು ಮೊದಲು ಕುರಿ ದೊಡ್ಡಿಗೆ ಹೋಯಿತು. ಅಲ್ಲಿಂದ ಗಿರಣಿಯ ಹಿಂಭಾಗ. ಅಲ್ಲಿಂದ ಮಸೀದಿಯ ಪಕ್ಕದ, ಜನಾಜಾ ಇಡುವ ಕೋಣೆ.

"ಅಮ್ಮಾ, ಎತ್ತಿಕೊಂಡು ಬರ್ತೀನಿ. ಬುಟ್ಟಿಯಾಗೆ ಹಾಕಿ ಒಳಗೆ ಇಟ್ರೆ ಆಯ್ತಲ್ಲ," ಎಂದಳು ಅರ್ಷಿಯಾ.

"ಕೈ ಹಚ್ಚೀಯ. ಏಳು ಮನೆ ಆಗ್ಲಿ."

"ಹೆಣ ಇಡೋ ಕೋಣೆನೂ ಮನೆನಾ?"

"ಅಲ್ಲಾನ ಮನೆಗೆ ಸೇರಿದ್ದು. ನಿಮ್ಮಪ್ಪನ ಮನೆಗಿಂತ ದೊಡ್ಡ ಮನೆ ಅದು."

ಮುಂದಿನ ಬಾರಿ ಬೆಕ್ಕು ಮರಿಗಳನ್ನು ಓಣಿಯ ಕೊನೆಗೆ ನಿಂತಿದ್ದ ಕೆಟ್ಟ ಟ್ರ್ಯಾಕ್ಟರಿನ ಟ್ರೇಲರಿಗೆ ಸಾಗಿಸಿತು. ಅಲ್ಲಿಂದ ಲೆಕ್ಕದಲ್ಲಿ ಜಗಳ ಶುರುವಾಯಿತು.

"ಇದು ಐದಾತು," ಎಂದು ಚೌಡಕ್ಕ ಕಟ್ಟೆಯ ಮೇಲೆ ಕೂತು ಬೆರಳು ಮಡಚಿದಳು. "ನಿಮ್ಮ ಮನೆ, ನಮ್ಮ ದೊಡ್ಡಿ, ಗಿರಣಿ, ಮಸೀದಿ, ಟ್ರೇಲರು. ಇನ್ನೆರಡು."

"ಗಾಲಿ ಇರೋದು ಮನೆ ಹೆಂಗಾಗ್ತೈತೆ ಚೌಡಕ್ಕ? ನಾಲ್ಕೇ ಲೆಕ್ಕ."

"ನೀನು ಚೀಲದ ಲೆಕ್ಕ ಮಾಡಿದಂಗೆ ಮಾಡ್ತೀಯ ನೋಡು. ನಾವು ಕುರಿ ಹಿಂದೆ ವರ್ಷದಾಗೆ ಆರು ತಿಂಗಳು ಬಯಲಾಗೆ ಮಲಗಿದವರು. ನಮಗೆ ಅದೂ ಮನೆನೇ ಆಗಿತ್ತಪ್ಪ."

"ನೀನು ಬೆಕ್ಕಲ್ಲ."

"ಅಲ್ಲ ಮತ್ತೆ. ಬೆಕ್ಕಾಗಿದ್ರೆ ನಿನ್ನ ಮನೆಯಾಗೆ ಇರ್ತಿದ್ನಾ?"

ಅರ್ಷಿಯಾ ತಲೆ ತಗ್ಗಿಸಿ ಹೊಲಿಯುತ್ತ ನಗು ನುಂಗಿದಳು. ಲೆಕ್ಕ ಏನೇ ಇರಲಿ, ಸುತಳಿ ಮಾತ್ರ ದಿನಕ್ಕೆ ಎರಡು ಹೊತ್ತು ಬಂದು ಹಾಲು ಅನ್ನ ತಿಂದು, ಹಿಂದೆ ಯಾರೂ ಬರುತ್ತಿಲ್ಲವೆಂದು ತಿರುಗಿ ನೋಡಿಕೊಂಡು ಹೋಗುತ್ತಿತ್ತು. ಟ್ರೇಲರಿನಿಂದಲೂ ಮರಿಗಳು ಮಾಯವಾದವು. ಈ ಸಲ ಎಲ್ಲಿಗೆ ಒಯ್ದಿತೆಂದು ಯಾರಿಗೂ ತಿಳಿಯಲಿಲ್ಲ. ಬೆಕ್ಕು ಊಟಕ್ಕೆ ಬರುತ್ತಿದ್ದುದರಿಂದ ಯಾರೂ ಹುಡುಕಲೂ ಇಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸುತಳಿ ಬರಲಿಲ್ಲ. ಹಿಂದಿನ ಸಂಜೆಯೂ ಬಂದಿರಲಿಲ್ಲ. ತಟ್ಟೆಯ ಅನ್ನಕ್ಕೆ ಇರುವೆ ಮುತ್ತಿತ್ತು. ಚಮನಬಿ ಅದನ್ನು ಕೋಳಿಗಳಿಗೆ ಎಸೆದು ಹಾಲಿನ ಬಟ್ಟಲು ತೊಳೆದಿಟ್ಟಳು.

"ಮರಿ ಇರೋ ಬೆಕ್ಕು ಎರಡು ಹೊತ್ತು ಉಪವಾಸ ಇರಲ್ಲ ಅಮ್ಮಾ," ಎಂದಳು ಅರ್ಷಿಯಾ.

"ಎಲ್ಲೋ ಹೊಟ್ಟೆ ತುಂಬೈತೆ."

"ನಿಮಗೂ ಹಂಗೆ ಅನ್ನಿಸ್ತೈತಾ?"

ಚಮನಬಿ ದಬ್ಬಣಕ್ಕೆ ದಾರ ಪೋಣಿಸತೊಡಗಿದಳು. ಅವಳಿಗೆ ಹಾಗೆ ಅನ್ನಿಸಿರಲಿಲ್ಲ. ರಾತ್ರಿಯಿಡೀ ಅಟ್ಟಿಯ ಒಳಗೆ ಇಲಿ ಪರಪರ ಕೆರೆಯುವುದನ್ನು ಕೇಳುತ್ತ ಮಲಗಿದ್ದಳು. ಬೆಳಿಗ್ಗೆ ಮೊದಲು ಮಸೀದಿಯ ಕಡೆ, ಆಮೇಲೆ ಗಿರಣಿಯ ಕಡೆ ಏನೋ ಕೆಲಸವಿದ್ದವಳಂತೆ ಹೋಗಿ ಬಂದಿದ್ದಳು. ಹಾಲಿಲ್ಲದೆ ಮರಿಗಳು ಎಷ್ಟು ಹೊತ್ತು ತಾಳುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಮುಟ್ಟಬೇಡವೆಂದು ಸೊಸೆಯನ್ನು ತಡೆದವಳು ತಾನೇ ಎಂಬುದೂ ಗೊತ್ತಿತ್ತು.

ಅವತ್ತು ಓಬಳಪ್ಪನ ಗೋದಾಮಿನಲ್ಲಿ ಕೆಲಸವಿತ್ತು. ಓಬಳಪ್ಪ ಊರಿನ ಮೆಕ್ಕೆಜೋಳದ ವ್ಯಾಪಾರಿ. ಗೋದಾಮು ಚಮನಬಿಯ ಓಣಿಯ ಹಿಂದೆಯೇ. ದಾಸ್ತಾನು ಮಾಡಿದ್ದ ಜೋಳಕ್ಕೆ ಹುಳ ಬಿದ್ದಿದ್ದರಿಂದ ಗ್ಯಾಸ್ ಹಾಕಿಸುತ್ತಿದ್ದ. ಒಟ್ಟಿದ ಚೀಲಗಳ ರಾಶಿಯ ಸಂದಿಯಲ್ಲಿ ವಿಷದ ಗುಳಿಗೆ ಇಟ್ಟು, ಇಡೀ ರಾಶಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತಾರೆ. ಹಾಳೆಯ ಅಂಚಿನಿಂದ ಗಾಳಿ ಹೋಗದಂತೆ ಸುತ್ತಲೂ ಮರಳು ತುಂಬಿದ, ಹಾವಿನಂತೆ ಉದ್ದನೆಯ ಚೀಲಗಳನ್ನು ಒತ್ತಿ ಮಲಗಿಸುತ್ತಾರೆ. ವಾರದ ಮೇಲೆ ತೆಗೆಯುತ್ತಾರೆ. ಅಷ್ಟರಲ್ಲಿ ಒಳಗೆ ಉಸಿರಾಡುವುದು ಏನೂ ಉಳಿದಿರುವುದಿಲ್ಲ. ಆ ಉದ್ದನೆಯ ಚೀಲಗಳನ್ನು ಕ್ಯಾನ್ವಾಸ್ ಬಟ್ಟೆಯಲ್ಲಿ ಹೊಲಿದುಕೊಟ್ಟವಳು ಚಮನಬಿ. ಮರಳು ತುಂಬಿದ ಮೇಲೆ ಬಾಯಿ ಹೊಲಿಯುವುದಷ್ಟೇ ಬಾಕಿ. ಅವಳು ದಬ್ಬಣ, ಸುತಳಿ ತೆಗೆದುಕೊಂಡು, ಕೂರಲೊಂದು, ತೊಡೆಗೆ ಹಾಸಿಕೊಳ್ಳಲೊಂದು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೋದಳು.

ಗೋದಾಮಿನಲ್ಲಿ ಹಮಾಲರು ಮರಳು ತುಂಬುತ್ತಿದ್ದರು. ದಾವಣಗೆರೆಯಿಂದ ಬಂದಿದ್ದ, ಗ್ಯಾಸ್ ಹಾಕುವ ಪರವಾನಗಿ ಇದ್ದ ಪ್ರದೀಪ್ ಗುಳಿಗೆಯ ಡಬ್ಬಿಗಳನ್ನು ಬಾಗಿಲಾಚೆ ನೆರಳಲ್ಲಿ ಇಟ್ಟುಕೊಂಡು ಕೈಗವಸು ಹುಡುಕುತ್ತಿದ್ದ. ಓಬಳಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ.

ಚಮನಬಿ ರಾಶಿಯ ಮಗ್ಗುಲಲ್ಲಿ ಚೀಲ ಹಾಸಿ ಕೂತಳು. ಮೊದಲ ಬಾಯಿ ಹೊಲಿದಳು. ಎರಡನೆಯದಕ್ಕೆ ಸುತಳಿ ಪೋಣಿಸುವಾಗ ಕಾಲ ಬುಡದಲ್ಲಿ ಏನೋ ಕಂಡಿತು. ಇಲಿಯ ತಲೆ, ಬಾಲ. ನಡುವಿನದು ಇಲ್ಲ. ರಕ್ತ ಕಪ್ಪಾಗಿತ್ತು, ಒಣಗಿರಲಿಲ್ಲ. ಸುತಳಿ ಇಲಿ ತಿಂದು ಹೀಗೆ ಬಿಟ್ಟ ಎರಡು ತುದಿಗಳನ್ನು ಅವಳು ತನ್ನ ಮನೆಯಲ್ಲಿ ಎಷ್ಟೋ ಬೆಳಗು ಗುಡಿಸಿ ಎಸೆದಿದ್ದಳು. ತಲೆ ಎತ್ತಿ ನೋಡಿದಳು. ಗೋಡೆಯ ಮೇಲೆ ಸೂರಿನ ಹತ್ತಿರ ಗವಾಕ್ಷಿಗಳು ಸಾಲಾಗಿದ್ದವು. ಎಲ್ಲಕ್ಕೂ ಹೊಸದಾಗಿ ಹಲಗೆ ಬಡಿದಿತ್ತು.

"ಉಚ್ಚಂಗೆಪ್ಪ, ಇವನ್ನ ಯಾವಾಗ ಬಡಿದ್ರಿ?"

ಉಚ್ಚಂಗೆಪ್ಪ ಹಮಾಲರ ಹಿರಿಯ, ಅವಳ ಓಣಿಯವನೇ. "ನಿನ್ನೆ ಮಧ್ಯಾಹ್ನ. ಯಾಕಬೇ?"

"ಒಳಗೆ ಬೆಕ್ಕು ಕಂಡಿತ್ತಾ?"

"ಮೊನ್ನೆ ಒಂದು ಹೋಗಿ ಬಂದು ಮಾಡ್ತಿತ್ತು ನೋಡು, ಗವಾಕ್ಷಿಯಾಗೆ. ಯಾರದೋ ಅಂದ್ಕಂಡೆ."

ಚಮನಬಿ ದಬ್ಬಣವನ್ನು ಸೆರಗಿಗೆ ಚುಚ್ಚಿ ಎದ್ದಳು.

"ಸಾವ್ಕಾರ್ರೇ, ರಾಶಿಯಾಗೆ ನಮ್ಮ ಬೆಕ್ಕು ಮರಿ ಇಟ್ಕಂಡು ಕೂತೈತೆ. ತೆಗೆದ ಮೇಲೆ ಗುಳಿಗೆ ಇಡ್ರಿ."

ಓಬಳಪ್ಪ ಅವಳನ್ನು ನೋಡಿದ, ರಾಶಿಯನ್ನು ನೋಡಿದ. "ಎಲ್ಲೈತೆ?"

"ಒಳಗೆ."

"ಒಳಗೆ ಅಂದ್ರೆ? ಅದು ಗುಡ್ಡ ಇದ್ದಂಗೈತೆ ಚಮನಬಿ. ಎಲ್ಲಿ ಅಂತ ಹುಡುಕಾಕೆ ಆಗ್ತೈತೆ? ಜನ ಬಂದ ಸದ್ದಿಗೇ ಓಡಿ ಹೋಗಿರ್ತೈತೆ ಬಿಡು."

"ಎಲ್ಲಿಂದ ಹೋಗ್ತೈತೆ? ನಿನ್ನೆನೇ ಹಲಗೆ ಬಡಿದೀರಿ. ಬಾಗಿಲಾಗೆ ನೀವು ಕುಂತೀರಿ."

"ಈ ಹುಡುಗ ಇವತ್ತೇ ಗುಳಿಗೆ ಇಟ್ಟು ಹೋಗ್ಬೇಕು. ನಾಳೆ ಇನ್ನೊಂದು ಊರಿಗೆ ಹೋಗೋನು. ಒಂದು ಬೆಕ್ಕಿಗೆ..." ಓಬಳಪ್ಪ ಕೈ ಬೀಸಿದ. "ನಾನು ನಿನಗೆ ಎರಡು ಮರಿ ತರಿಸಿ ಕೊಡ್ತೀನಿ. ಹೊಲಿ ಕೂತ್ಕೊಂಡು."

ಚಮನಬಿ ಕೂತಳು. ಮರಳಿನ ಚೀಲಗಳ ಪಕ್ಕದಲ್ಲಲ್ಲ, ಬಾಗಿಲ ಹೊಸ್ತಿಲ ಮೇಲೆ. ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು.

"ಬೆಕ್ಕು ಹೊರಗೆ ಬಂದ ಮೇಲೆ ಹೊಲೀತೀನಿ."

"ಏನಬೇ ಇದು?"

"ಬಾಯಿ ಹೊಲೀದೆ ಮರಳು ನಿಲ್ಲಲ್ಲ. ಮರಳು ನಿಲ್ಲದೆ ನಿಮ್ಮ ಹಾಳೆ ನಿಲ್ಲಲ್ಲ. ಬೇರೆ ಯಾರನ್ನಾದ್ರೂ ಕರೆಸ್ತೀರೇನು, ಕರೆಸ್ರಿ."

ಹಮಾಲರು ಸಲಿಕೆ ನಿಲ್ಲಿಸಿ ನೋಡಿದರು. ಚೀಲ ಹೊಲಿಯುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದವಳು ಅರ್ಷಿಯಾ ಒಬ್ಬಳು.

ಚಮನಬಿ ಸ್ವರ ಏರಿಸದೆ ಮುಂದುವರಿಸಿದಳು. "ನನ್ನ ಮಾತು ಬಿಡ್ರಿ. ನಿಮ್ಮ ಮಾತು ಹೇಳ್ತೀನಿ. ತಾಯಿ, ಮರಿ ಎಲ್ಲ ರಾಶಿ ನಡುವೆ ಸಾಯ್ತಾವೆ. ವಾರಪೂರ್ತಿ ಹಾಳೆ ಕೆಳಗೆ, ಈ ಬಿಸಿಲಾಗೆ. ನೀವು ಹಾಳೆ ತೆಗೆದ ದಿನ ಊರೆಲ್ಲ ಮೂಗು ಮುಚ್ಚಿಕೊಳ್ತೈತೆ. ಅವುಗಳ ನೀರು ಇಳಿದು ಎಷ್ಟು ಚೀಲ ನೆನೀತಾವೋ ದೇವರಿಗೇ ಗೊತ್ತು. ಕೋಳಿ ಫೀಡಿನವರು ಚೀಲಕ್ಕೆ ಮೂಗು ಹಚ್ಚಿ ನೋಡೇ ಕೊಳ್ಳೋದು. ಅವರಿಗೆ ಏನು ಹೇಳ್ತೀರಿ, ಚಮನಬಿ ಬೆಕ್ಕಿನ ವಾಸನೆ ಅಂತೀರಾ?"

ಓಬಳಪ್ಪ ಪ್ರದೀಪನ ಕಡೆ ತಿರುಗಿದ. ಅವನು ಕೈಗವಸು ಕಳಚುತ್ತಿದ್ದ.

"ಸರ್, ಒಳಗೆ ಪ್ರಾಣಿ ಐತೆ ಅಂತ ಗೊತ್ತಾದ ಮೇಲೆ ನಾನು ಇಡಾಕೆ ಬರಲ್ಲ. ಗೊತ್ತಿಲ್ಲದಿದ್ರೆ ಆ ಮಾತು ಬೇರೆ ಇತ್ತು," ಎಂದು ಚಮನಬಿಯ ಕಡೆ ನೋಡಿದ. ದೂರಿದನೋ ಹೊಗಳಿದನೋ ತಿಳಿಯುವಂತಿರಲಿಲ್ಲ.

ಓಬಳಪ್ಪ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. ಆಮೇಲೆ, "ಉಚ್ಚಂಗೆಪ್ಪ, ಆ ಕಡೆ ಮೂಲೆಯಿಂದ ಇಳಿಸ್ರೋ. ಒಂದು ತಾಸು ನೋಡ್ತೀನಿ, ಆಮೇಲೆ ಬೆಕ್ಕೂ ಇಲ್ಲ, ಚಮನಬಿನೂ ಇಲ್ಲ," ಎಂದ.

ಹಮಾಲರು ಗೋಡೆಯ ಬದಿಯಿಂದ ಚೀಲಗಳನ್ನು ಎಳೆದು ಇಳಿಸತೊಡಗಿದರು. ಧೂಳು ಎದ್ದು ಎಲ್ಲರೂ ಕೆಮ್ಮಿದರು. ಒಂದು ಸಾಲು ಇಳಿಯಿತು, ಏನೂ ಇಲ್ಲ. ಎರಡನೆಯದೂ ಇಳಿಯಿತು. ಚಮನಬಿ ಹೊಸ್ತಿಲು ಬಿಟ್ಟು ಒಳಗೆ ಬಂದು ನಿಂತಿದ್ದಳು. ಮರಿಗಳ ಸದ್ದು ಕೇಳುತ್ತದೇನೋ ಎಂದು ಕಿವಿಗೊಟ್ಟಳು. ಹಮಾಲರ ಉಸಿರು ಬಿಟ್ಟರೆ ಬೇರೇನೂ ಕೇಳಲಿಲ್ಲ. ಸದ್ದಿಲ್ಲವೆಂದರೆ ಹೆದರಿ ಸುಮ್ಮನಿವೆ ಎಂದೂ ಆಗಬಹುದು, ಇಲ್ಲವೆಂದೂ ಆಗಬಹುದು.

ಮೂರನೆಯ ಸಾಲಿಗೆ ಕೈ ಹಾಕಿದ ಹಮಾಲನೊಬ್ಬ ಚೀಲ ಬಿಟ್ಟು ಹಿಂದೆ ಹಾರಿದ. ಮುಂಗೈ ಮೇಲೆ ನಾಲ್ಕು ಗೆರೆ ಕೆಂಪಗೆ ಎದ್ದಿದ್ದವು.

"ಹುಲಿ ಐತ್ರಪ್ಪೋ ಒಳಗೆ," ಎಂದ.

"ನಮ್ಮದೇ," ಎಂದಳು ಚಮನಬಿ.

ಗೋಡೆಗೆ ತಾಗಿದ ಚೀಲವೊಂದು ಒಡೆದು ಕಾಳು ಸೋರಿ ಜಗ್ಗಿಹೋಗಿತ್ತು. ಆ ಗುಳಿಯಲ್ಲಿ, ಕತ್ತಲಲ್ಲಿ, ಸುತಳಿಯ ಕಣ್ಣು ಹೊಳೆದವು. ಅದು ಚಮನಬಿಯನ್ನು ಕಂಡೂ ಬುಸುಗುಟ್ಟಿತು. ಚಮನಬಿ ಇಳಿಸಿದ ಚೀಲಗಳನ್ನೇ ಮೆಟ್ಟಿಲು ಮಾಡಿಕೊಂಡು, ಉಚ್ಚಂಗೆಪ್ಪನ ಹೆಗಲು ಹಿಡಿದು ಹತ್ತಿದಳು. ಇನ್ನೂ ಏಳು ಮನೆಯಾಗಿಲ್ಲ ಎಂಬುದು ಅವಳ ತಲೆಯಲ್ಲಿತ್ತು. ತನ್ನ ಕೈವಾಸನೆ ಮರಿಗಳಿಗೆ ತಾಗಬಾರದೆಂದು, ಕೂರಲು ತಂದ ಚೀಲವನ್ನು ಮೊಣಕೈವರೆಗೆ ಕೈಗೆ ಸುತ್ತಿಕೊಂಡಳು. ಇನ್ನೊಂದರ ಬಾಯಿ ಅಗಲಿಸಿ ಉಚ್ಚಂಗೆಪ್ಪನ ಕೈಗೆ ಕೊಟ್ಟಳು.

"ಹಿಡಕೊ. ಅಲುಗಾಡಬ್ಯಾಡ."

ಸುತ್ತಿದ ಕೈಯನ್ನು ಗುಳಿಗೆ ಇಳಿಬಿಟ್ಟಳು. ಸುತಳಿ ಗೋಣಿಯನ್ನು ಎರಡು ಸಲ ಕಚ್ಚಿತು. ಆಮೇಲೆ ಮೂಸಿತು. ಅದು ಹುಟ್ಟಿದ ಮನೆಯ ಗೋಣಿ. ಬುಸುಗುಟ್ಟುವುದು ನಿಂತಿತು. ಚಮನಬಿಯ ಕೈಗೆ ಮೆತ್ತಗಿನದೇನೋ ಸಿಕ್ಕಿತು. ಎತ್ತಿ ಚೀಲಕ್ಕೆ ಬಿಟ್ಟಳು. ಮತ್ತೆ ಇಳಿಬಿಟ್ಟಳು, ಬಾಚಿ ತೆಗೆದಳು, ಬಿಟ್ಟಳು. ದಪ್ಪ ಗೋಣಿಯ ಒಳಗಿನ ಕೈಗೆ ಒಂದು ಬಂತೋ ಎರಡು ಬಂತೋ ತಿಳಿಯುತ್ತಿರಲಿಲ್ಲ. ಕೊನೆಗೆ ಗುಳಿಯೆಲ್ಲ ತಡವಿದರೂ ಕಾಳು ಮಾತ್ರ ಸಿಕ್ಕಿತು. ಚೀಲದೊಳಗಿಂದ ಸಣ್ಣಗೆ ಕಿಯ್ ಎಂಬ ಸದ್ದು ಬಂದದ್ದೇ ತಡ, ಸುತಳಿ ಗುಳಿಯಿಂದ ಹಾರಿ ತಾನಾಗಿ ಚೀಲದೊಳಗೆ ನುಗ್ಗಿತು. ಉಚ್ಚಂಗೆಪ್ಪ ಮುಖ ತಿರುಗಿಸಿಕೊಂಡೇ ಚೀಲ ಹಿಡಿದಿದ್ದ.

ಚಮನಬಿ ಸೆರಗಿನ ದಬ್ಬಣ ತೆಗೆದು ಅಲ್ಲೇ, ರಾಶಿಯ ಮೇಲೆಯೇ ಕೂತು, ಗಾಳಿಯಾಡುವಂತೆ ದೂರ ದೂರ ಹೊಲಿಗೆ ಹಾಕಿ ಚೀಲದ ಬಾಯಿ ಹೊಲಿದಳು.

"ಏನು ಲೋಡಿಗೆ ಹಾಕ್ತೀಯೇನು?" ಎಂದ ಓಬಳಪ್ಪ.

"ಹೌದ್ರೀ. ನಮ್ಮನೆಗೆ."

ಒಬ್ಬ ಹಮಾಲ ಚೀಲವನ್ನು ಅರ್ಷಿಯಾಗೆ ಮುಟ್ಟಿಸಿ ಬಂದ. ಚಮನಬಿ ಕೊಟ್ಟ ಮಾತಿನಂತೆ ಕೂತು ಮರಳಿನ ಚೀಲಗಳ ಬಾಯಿ ಒಂದೂ ಬಿಡದೆ ಹೊಲಿದಳು. ಹಮಾಲರು ಇಳಿಸಿದ್ದನ್ನು ಮತ್ತೆ ಒಟ್ಟಿದರು. ಅವಳು ಮನೆಗೆ ಬಂದಾಗ ಅರ್ಷಿಯಾ ಬಾಗಿಲು ಕಿಟಕಿ ಮುಚ್ಚಿ, ಹೊಲಿದ ಚೀಲವನ್ನು ಎದುರಿಗಿಟ್ಟುಕೊಂಡು ಕೂತಿದ್ದಳು. ಅತ್ತೆ ಹಾಕಿದ ಹೊಲಿಗೆಯನ್ನು ಅತ್ತೆಯ ಅಪ್ಪಣೆಯಿಲ್ಲದೆ ಬಿಚ್ಚುವ ಧೈರ್ಯ ಅವಳಿಗಿರಲಿಲ್ಲ. ಚಮನಬಿ ಹೊಲಿಗೆ ಎಳೆದಳು. ಸುತಳಿ ಹೊರಬಂದು ಮೈ ಕೊಡವಿತು. ಹಿಂದೆ ಒಂದು ಮರಿ, ಎರಡು, ಮೂರು. ಅರ್ಷಿಯಾ ಇಟ್ಟಿದ್ದ ಬುಟ್ಟಿಯ ಕಡೆ ತಾಯಿ ಅವನ್ನು ಒಂದೊಂದಾಗಿ ಕಚ್ಚಿಕೊಂಡು ಹೋಯಿತು.

"ಆಯ್ತಪ್ಪ," ಎಂದು ಚಮನಬಿ ಗೋಡೆಗೆ ಒರಗಿದಳು.

ಅರ್ಷಿಯಾ ಚೀಲವನ್ನೇ ನೋಡುತ್ತಿದ್ದಳು. "ಇನ್ನೊಂದು?"

"ಯಾವ ಇನ್ನೊಂದು?"

"ಮರಿ ನಾಲ್ಕು ಅಮ್ಮಾ. ಬಿಳಿ ಕಾಲಿಂದು ಇಲ್ಲ."

"ನಿನಗೆ ಹೆಂಗೆ ಗೊತ್ತು, ನಾಲ್ಕು ಅಂತ? ಕಾಲು ಬಿಳಿ ಅಂತ?"

ಅರ್ಷಿಯಾ ಓಡಲು ಜಾಗ ಹುಡುಕುವವಳಂತೆ ಬಾಗಿಲ ಕಡೆ ನೋಡಿದಳು. "ದಿನಾ ಎತ್ಕೊಳ್ತಿದ್ದೆ. ದೊಡ್ಡಿಯಾಗೆ, ಗಿರಣಿಯಾಗೆ, ಎಲ್ಲಾ ಕಡೆ. ಅದು ತಿನ್ನಲಿಲ್ಲ ಅಮ್ಮಾ. ನನ್ನ ಕೈ ನೆಕ್ತಿತ್ತು."

ಬೈಗುಳಕ್ಕೆ ಇದು ಹೊತ್ತಲ್ಲವೆಂದು ಚಮನಬಿ ತಕ್ಷಣ ಲೆಕ್ಕ ಹಾಕಿದಳು. ತಾನು ಕೈಗೆ ಗೋಣಿ ಸುತ್ತಿಕೊಂಡು ತಡವಿದ್ದು, ಬರಿಗೈಯಿಂದಲ್ಲ. ಗುಳಿಯ ಕೆಳಗೆ ಇನ್ನೊಂದು ಸಂದಿ ಇದ್ದಿರಬಹುದು. ಆ ಸಂದಿಯ ಮೇಲೆ ಈಗ ಜೋಳದ ಚೀಲಗಳಿವೆ, ಅವುಗಳ ಮೇಲೆ ಹಾಳೆ, ಹಾಳೆಯ ಅಂಚಿಗೆ ತಾನೇ ಬಾಯಿ ಹೊಲಿದ ಮರಳಿನ ಚೀಲ. ಅವಳು ಚಪ್ಪಲಿ ಮೆಟ್ಟದೆ ಹೊರಟಳು. ಕಟ್ಟೆಯ ಮೇಲಿದ್ದ ಚೌಡಕ್ಕ, "ಎಲ್ಲಿಗೆ, ಬೆಂಕಿ ಬಿದ್ದಂಗೆ?" ಎಂದು ಕೇಳಿದ್ದು ಅವಳ ಕಿವಿಗೆ ಬೀಳಲಿಲ್ಲ.

ಗೋದಾಮಿನ ಮುಂದೆ ಹಗ್ಗ ಕಟ್ಟಿ, ತಲೆಬುರುಡೆಯ ಚಿತ್ರವಿದ್ದ ಕೆಂಪು ಹಲಗೆ ತೂಗುಹಾಕಿದ್ದರು. ಒಳಗೆ ಹಾಳೆ ಮೂರು ಕಡೆ ಬಿಗಿದಾಗಿತ್ತು. ನಾಲ್ಕನೆಯ ಕಡೆ ಎತ್ತಿ ಹಿಡಿದಿದ್ದರು. ಪ್ರದೀಪ್ ಮುಖಕ್ಕೆ ಮುಸುಕು ಕಟ್ಟಿ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ್ದ.

"ತಡೀರಿ," ಎಂದಳು ಚಮನಬಿ. ಏದುಸಿರಿಗೆ ಮಾತು ತುಂಡಾಯಿತು. "ಇನ್ನೊಂದು ಐತೆ."

ಓಬಳಪ್ಪ ಕುರ್ಚಿಯಿಂದ ಎದ್ದ. "ಚಮನಬಿ, ನಿಮ್ಮ ಮನೆಯಾಗೆ ಬೆಕ್ಕು ಎಷ್ಟದಾವೆ ಅಂತ ಎಣಿಸಿಕೊಂಡು ಬಂದು ಹೇಳಬಾರದಾ? ಮತ್ತೆ ಇಳಿಸಬೇಕು ಅಂತೀಯಾ ಈ ಗುಡ್ಡಾನ?"

"ಹೌದ್ರೀ."

"ಸಂಜೆ ಆಗ್ತಾ ಬಂತು. ಇವರು ಮನುಷ್ಯರೋ ಅಲ್ಲೋ?"

ಚಮನಬಿ ಹಮಾಲರನ್ನು ನೋಡಿದಳು. ಅವರ ಬೆನ್ನು ಬೆವರಿಗೆ ಧೂಳು ಮೆತ್ತಿ ಗೋಡೆಯಂತಾಗಿದ್ದವು. ಕೇಳಬಾರದ್ದನ್ನು ಕೇಳುತ್ತಿದ್ದೇನೆಂದು ಅವಳಿಗೆ ತಿಳಿಯಿತು. ಬೆಳಿಗ್ಗೆ ಅವಳ ಕೈಯಲ್ಲಿ ಹೊಲಿಯದ ಚೀಲಗಳಿದ್ದವು. ಈಗ ಎಲ್ಲ ಹೊಲಿದು ಮುಗಿದಿತ್ತು, ಹಿಡಿದಿಡಲು ಏನೂ ಉಳಿದಿರಲಿಲ್ಲ.

"ನಾನೂ ಇಳಿಸ್ತೀನಿ," ಎಂದು ಹಗ್ಗ ದಾಟಿದಳು.

ಯಾರೂ ನಗಲಿಲ್ಲ. ಉಚ್ಚಂಗೆಪ್ಪ ಟವಲಿನಿಂದ ಮುಖ ಒರೆಸಿಕೊಂಡು, "ತಡಿಯವ್ವ, ನಿನ್ನ ಸೊಂಟ ಮುರಿದ್ರೆ ಅದನ್ನೂ ನಾವೇ ಹೊರಬೇಕು," ಎಂದು ಹಾಳೆಯ ಅಂಚಿಗೆ ಕೈ ಹಾಕಿದ.

ಅಷ್ಟರಲ್ಲಿ ಅವನ ಜೇಬಿನ ಫೋನು ಕೂಗಿತು. ತೆಗೆದು ಕಿವಿಗಿಟ್ಟ. "ಹ್ಞಾಂ... ಇಲ್ಲೇ ಅದಾಳೆ... ಹೌದಾ... ಎಲ್ಲಿ?" ಸ್ವಲ್ಪ ಹೊತ್ತು ಕೇಳಿದ. ಒಳಗೊಳಗೇ ನಗತೊಡಗಿದ. ಫೋನನ್ನು ಚಮನಬಿಯ ಕೈಗೆ ಕೊಟ್ಟ.

"ಅಮ್ಮಾ, ಸಿಕ್ತು," ಎಂದಿತು ಅರ್ಷಿಯಾಳ ಧ್ವನಿ. "ಚೀಲದಾಗೇ ಐತೆ. ತೇಪೆ ಒಳಗೆ."

ಚಮನಬಿ ತೊಡೆಗೆಂದು ಒಯ್ದ ಚೀಲ ಅರ್ಷಿಯಾ ತೇಪೆ ಹಾಕಿದ್ದು. ಮೂರು ಮಗ್ಗುಲು ಹೊಲಿದು, ನಾಲ್ಕನೆಯದನ್ನು ಆಮೇಲೆ ಹೊಲಿದರಾಯಿತೆಂದು ಬಿಟ್ಟಿದ್ದಳು. ಕೊಡವಲು ಮಗುಚಿದ ಚೀಲ ಮಗುಚಿದಂತೆಯೇ ಇದ್ದುದರಿಂದ ಹೊರಗಿರಬೇಕಾದ ತೇಪೆ ಒಳಗಿತ್ತು. ಬಿಳಿ ಕಾಲಿನ ಮರಿ ಆ ತೇಪೆಯ ಜೇಬಿನೊಳಗೆ ನುಸುಳಿ, ಅಷ್ಟೆಲ್ಲ ಗದ್ದಲದಲ್ಲಿ ನಿದ್ದೆ ಹೋಗಿತ್ತು. ಅರ್ಷಿಯಾ ಚೀಲ ಮಡಿಸಲು ಎತ್ತಿದಾಗ ಒಂದು ಮಗ್ಗುಲು ಬೆಚ್ಚಗಿತ್ತಂತೆ.

ಚಮನಬಿ ಫೋನು ವಾಪಸು ಕೊಟ್ಟಳು. ಕಾಲಲ್ಲಿ ಚಪ್ಪಲಿ ಇಲ್ಲವೆಂಬುದು ಆಗ ಗಮನಕ್ಕೆ ಬಂತು. ನೆಲ ಸುಡುತ್ತಿತ್ತು.

"ನಿಮ್ಮ ಗುಳಿಗೆ ಇಡ್ರಿ," ಎಂದು ಪ್ರದೀಪನಿಗೆ ಹೇಳಿದಳು.

"ಖಾತ್ರಿನಾ?" ಎಂದು ಓಬಳಪ್ಪ ಕೇಳಿದ. "ಇನ್ನೊಂದು ಅಜ್ಜಿ ಬೆಕ್ಕು, ತಾತ ಬೆಕ್ಕು ಏನಾದ್ರೂ?"

"ಅಜ್ಜಿ ಇಲ್ಲೇ ನಿಂತೈತೆ. ಮನೆಗೆ ಹೋಗ್ತೈತೆ ಈಗ," ಎಂದು ಚಮನಬಿ ಹಗ್ಗ ದಾಟಿ ಬಂದಳು. ಉಚ್ಚಂಗೆಪ್ಪ ಗಟ್ಟಿಯಾಗಿಯೇ ನಕ್ಕ. ಗೋದಾಮಿನ ಮೂಲೆ ತಿರುಗಿದ ಮೇಲೆ ಚಮನಬಿಗೂ ನಗು ಬಂತು. ಓಣಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ತಡೆಯಲಿಲ್ಲ.

ಮನೆಯಲ್ಲಿ ಅವಳು ಮೊದಲು ಮಾಡಿದ ಕೆಲಸ ಆ ತೇಪೆಯ ನಾಲ್ಕನೆಯ ಮಗ್ಗುಲು ಹೊಲಿದದ್ದು. ಹೊಲಿಯುತ್ತ ಸೊಸೆಗೆ ಎರಡು ಮಾತು ಹೇಳಿದಳು, ಹೊಲಿಗೆಯ ಬಗ್ಗೆ. ಮರಿಗಳನ್ನು ಮುಟ್ಟಿದ ಬಗ್ಗೆ ಏನೂ ಹೇಳಲಿಲ್ಲ. ಎರಡನೆಯ ಕೆಲಸ ಕಿಟಕಿಯದು. ಸೊಳ್ಳೆಪರದೆಯ ಬಲೆ ಬೆಕ್ಕಿನ ಉಗುರಿಗೆ ನಿಲ್ಲುವುದಿಲ್ಲವೆಂದು ಫಯಾಜನಿಂದ ತಂತಿಯ ಜಾಲರಿ ತರಿಸಿ ಚೌಕಟ್ಟಿಗೆ ಬಡಿಸಿದಳು. ಹಿಂಬಾಗಿಲ ಕೆಳಗಿನ ಸಂದಿಗೆ ಗೋಣಿ ಸುರುಳಿ ಹೊಲಿದು ಒತ್ತಿಟ್ಟಳು.

ಚೌಡಕ್ಕ ನೋಡಲು ಬಂದಳು. "ಗೋದಾಮು ಆರನೇದು. ಒಂದು ಮನೆ ಉಳೀತಲ್ಲೇ. ಕೂಡಿ ಹಾಕಿದ್ರೆ ಕೇಳ್ತೈತಾ? ಅದರ ಹಣೆಬರಹದಾಗೆ ಏಳು ಬರೆದೈತೆ."

ಅವಳ ಮಾತು ಪೂರ್ತಿ ಸುಳ್ಳಾಗಲಿಲ್ಲ. ಮೂರನೆಯ ದಿನ ಸುತಳಿ ಮರಿಯೊಂದನ್ನು ಕಚ್ಚಿಕೊಂಡು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆಯತೊಡಗಿತು. ಗಂಟಲೊಳಗೇ ಕೂಗುತ್ತಿತ್ತು. ಅರ್ಷಿಯಾ ಬಾಗಿಲು ತೆರೆದುಬಿಡೋಣವೇ ಎಂಬಂತೆ ಅತ್ತೆಯನ್ನು ನೋಡಿದಳು. ಚಮನಬಿ ಬೆಕ್ಕು ತಿರುಗುವುದನ್ನು ಬಹಳ ಹೊತ್ತು ಗಮನಿಸಿದಳು. ಅದಕ್ಕೆ ಬೇಕಾದದ್ದು ಊರಲ್ಲ, ಹಳೆಯ ವಾಸನೆ ಇಲ್ಲದ ಹೊಸ ಜಾಗ. ಅವಳು ಎದ್ದು ಅಟ್ಟಿಗಳನ್ನು ಕೆಡವಿ ಬೇರೆ ರೀತಿ ಒಟ್ಟಿದಳು. ಹೊನ್ನಾಳಿಯ ಅಕ್ಕಿ ಚೀಲಗಳಿದ್ದಲ್ಲಿ ಚನ್ನಗಿರಿಯ ಅಡಿಕೆ ಚೀಲ, ಮೂಲೆಯಲ್ಲಿ ಒಂದು ಗೂಡಿನಷ್ಟು ಪೊಳ್ಳು. ಸುತಳಿ ಹತ್ತಿರ ಬಂದು ಮೂಸಿ, ಒಳಗೆ ಹೊಕ್ಕು, ಹೊರಬಂದು, ನಾಲ್ಕೂ ಮರಿಗಳನ್ನು ಒಯ್ದಿಟ್ಟಿತು. ಮತ್ತೆ ಕೆಲವು ದಿನಕ್ಕೆ ಚಡಪಡಿಸಿದಾಗ ಚಮನಬಿ ಮತ್ತೆ ಅಟ್ಟಿ ಬದಲಿಸಿದಳು. ಒಟ್ಟಿದ್ದನ್ನು ಕೆಡವಿ ಒಟ್ಟುವುದು ಅವಳಿಗೆ ಹೊಸ ಕೆಲಸವೇನಲ್ಲ. ಇಲಿಗಳಿಗಂತೂ ಇದು ಕೆಟ್ಟ ಕಾಲ. ಯಾವ ಮೂಲೆಯಲ್ಲಿ ಬೆಕ್ಕಿದೆ ಎಂದು ಅವಕ್ಕೆ ತಿಳಿಯುತ್ತಿರಲಿಲ್ಲ.

"ಇದು ಎಷ್ಟನೇ ಮನೆ ಅಂತ ಹಿಡೀಬೇಕು ನಾನು?" ಎಂದು ಚೌಡಕ್ಕ ಕೇಳಿದಳು.

"ನೀನು ಎಣಿಸ್ತಾ ಇರು. ನನಗೆ ಕೆಲಸ ಐತೆ."

ಮರಿಗಳು ಹಾಲು ಬಿಟ್ಟ ಮೇಲೆ ಫಯಾಜ್ ಸುತಳಿಯನ್ನು ಜಗಳೂರಿನ ಪಶು ಆಸ್ಪತ್ರೆಗೆ ಒಯ್ದು ಇನ್ನು ಮರಿಯಾಗದಂತೆ ಆಪರೇಷನ್ ಮಾಡಿಸಿದ. ಓಣಿಯಲ್ಲಿ ಒಬ್ಬಿಬ್ಬರು ಇದು ಸರಿಯೋ ತಪ್ಪೋ ಎಂದು ಮಾತಾಡಿದರು. ಚಮನಬಿ ಚರ್ಚೆಗೆ ಹೋಗಲಿಲ್ಲ. ಎರಡು ಮರಿ ಗಿರಣಿಯವರು ಒಯ್ದರು. ಒಂದನ್ನು, ತನಗೆ ಬೆಕ್ಕೆಂದರೆ ಆಗದು ಎನ್ನುತ್ತಲೇ, ಚೌಡಕ್ಕ ಒಯ್ದಳು. ಬಿಳಿ ಕಾಲಿನದು ಅರ್ಷಿಯಾಳ ಮಡಿಲು ಬಿಟ್ಟು ಏಳಲಿಲ್ಲ. ಈಗ ಅವಳು ಅದನ್ನು ಅತ್ತೆಯ ಕಣ್ಣೆದುರೇ ಎತ್ತಿಕೊಳ್ಳುತ್ತಿದ್ದಳು.

ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಚಮನಬಿ ಹೊಲಿಗೆ ಪಕ್ಕಕ್ಕಿಟ್ಟು ಅಟ್ಟಿಗೆ ಒರಗಿದಳು, ಹಾಗೆಯೇ ಕಣ್ಣು ಮುಚ್ಚಿತು. ಹಗಲು ಮಲಗುವ ಅಭ್ಯಾಸ ಅವಳಿಗಿಲ್ಲ. ಸುತಳಿ ಮೇಲಿನ ಚೀಲದಿಂದ ಒಂದು ಕಾಲು ಇಳಿಬಿಟ್ಟು ಮಲಗಿತ್ತು. ಎಲೆಯಡಿಕೆ ಕೇಳಲು ಬಂದ ಚೌಡಕ್ಕ ಹೊಸ್ತಿಲಲ್ಲೇ ನಿಂತು ಇಬ್ಬರನ್ನೂ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, ಹೊಲಿಯುತ್ತಿದ್ದ ಅರ್ಷಿಯಾ ತುಟಿಯ ಮೇಲೆ ಬೆರಳಿಟ್ಟಿದ್ದು ಕಂಡು ಸುಮ್ಮನಾದಳು. ಆಮೇಲೆ ಸದ್ದಾಗದಂತೆ ಬಾಗಿಲು ಎಳೆದುಕೊಂಡು, ಚಿಲಕ ಬಿತ್ತೋ ಇಲ್ಲವೋ ಎಂದು ಒಂದು ಸಲ ದೂಡಿ ನೋಡಿ, ತನ್ನ ಕಟ್ಟೆಗೆ ಹೋದಳು.